ಎದೆಯಲ್ಲಿ ನೀರು, ಎಡಿಎ 48: ಅದು ಟಿಬಿಯೇ ಅಂತ ಗಟ್ಟಿಯಾಯಿತಾ?

ನಿಮ್ಮ ತಂಗಿಗೆ 26 ವರ್ಷ, ಎದೆಯಲ್ಲಿ ನೀರು ತುಂಬಿದೆ, ಎಡಿಎ (ಟಿಬಿ ಇದ್ದರೆ ಆ ನೀರಿನಲ್ಲಿ ಏರುವ ಒಂದು ಕಿಣ್ವ) 48, ಟಿಬಿ ಮಾತ್ರೆ ಶುರುವಾಗಿದೆ. ನೀರು ಪೂರ್ತಿ ತೆಗೆಸಬೇಕಾ, ಮಾತ್ರೆಯಲ್ಲೇ ಇಂಗುತ್ತಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನನ್ನ ರಿಪೋರ್ಟ್‌ನಲ್ಲೂ ಹೆಚ್ಚುಕಡಿಮೆ ಇದೇ ಇತ್ತು.

ಉಸಿರು ಎಳೆದರೆ ಎಡಪಕ್ಕೆ ಚುಚ್ಚುತ್ತಿತ್ತು. ಸಂಜೆಯಾದರೆ ಜ್ವರ. ಸೂಜಿ ಹಾಕಿ ನೀರು ತೆಗೆದರು. ಎಡಿಎ ಟಿಬಿ ಅನುಮಾನಕ್ಕೆ ಸಾಮಾನ್ಯವಾಗಿ ನೋಡುವ 40ರ ಮೇಲಿತ್ತು. ರೋಗಾಣು ಸಿಗಲಿಲ್ಲ. ಟಿಬಿ ಇದ್ದರೂ ಎದೆನೀರಿನಲ್ಲಿ ಅದು ಸಿಗುವುದು ಕಷ್ಟ, ಹಾಗಾಗಿ ಯಾರೂ ಅನುಮಾನ ಪಡಲಿಲ್ಲ.

ಎದೆ ಡಾಕ್ಟರ್ ಕೇಳಿದ್ದರು, "ಬೇರೆ ಏನಾದರೂ ತೊಂದರೆ ಇದೆಯಾ?" ಅಂತ. ನಾನು "ಇಲ್ಲ ಸಾರ್" ಅಂದೆ. ಇದೇ ನನ್ನ ತಪ್ಪು. ಆಗ ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಒದ್ದೆ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಅದಕ್ಕೆ ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ, ಆ ಫೈಲೇ ಬೇರೆ. ಬಾಯಿಹುಣ್ಣಿಗೆ ಉಷ್ಣ ಅಂತ ಎಳನೀರು ಕುಡಿದೆ. ಕೂದಲು ಉದುರಿದ್ದಕ್ಕೆ ಎಣ್ಣೆ ಬದಲಾಯಿಸಿದೆ. ಕೈನೋವು ಎದೆ ಡಾಕ್ಟರಿಗೆ ಯಾಕೆ ಹೇಳಬೇಕು ಅಂತ ಸುಮ್ನೆ ಇದ್ದೆ. ಎಲ್ಲವೂ ಒಂದೇ ಕಾಯಿಲೆ ಅಂತ ನನಗೆ ಹೊಳೆಯಲೇ ಇಲ್ಲ. ಹೇಳಿದ್ದರೆ ಅವತ್ತೇ ಎಎನ್‌ಎ ಟೆಸ್ಟ್ (ಮೈಯ ರಕ್ಷಣಾ ಶಕ್ತಿ ಮೈಮೇಲೇ ತಿರುಗಿದೆಯಾ ಅಂತ ಸುಳಿವು ಕೊಡುವ ರಕ್ತ ಪರೀಕ್ಷೆ) ಬರೆಯುತ್ತಿದ್ದರು.

ಎರಡೂವರೆ ತಿಂಗಳು ಟಿಬಿ ಮಾತ್ರೆ ನುಂಗಿದೆ. ಜ್ವರ ಇಳಿಯಲಿಲ್ಲ. ಬಲಗಡೆಯೂ ನೀರು ಬಂತು. ಆಮೇಲೊಂದು ದಿನ ಆಕ್ಸಿಜನ್ ನೋಡುವ ಕ್ಲಿಪ್ ಬೆರಳಿಗೆ ಹಾಕುವಾಗ "ಅಮ್ಮಾ" ಅಂದೆ. ಅಲ್ಲಿದ್ದ ಲೇಡಿ ಡಾಕ್ಟರ್ ಎರಡೂ ಕೈ ಹಿಡಿದು ನೋಡಿದರು. ಎಎನ್‌ಎ ಪಾಸಿಟಿವ್ ಬಂತು. ಟಿಬಿಯ ಐಸೋನಿಯಾಜಿಡ್ ಮಾತ್ರೆಯಿಂದಲೂ ಎಎನ್‌ಎ ಪಾಸಿಟಿವ್ ಆಗುತ್ತದಂತೆ, ಅದಕ್ಕೇ ಡಿಎಸ್‌ಡಿಎನ್‌ಎ, ಸಿ3, ಸಿ4 ಅನ್ನುವ ರಕ್ತ ಪರೀಕ್ಷೆಗಳನ್ನೂ ಮಾಡಿಸಿದರು. ಲೂಪಸ್. ಮೈಯ ರಕ್ಷಣಾ ಶಕ್ತಿಯೇ ಶ್ವಾಸಕೋಶದ ಹೊದಿಕೆಯ ಮೇಲೆ ತಿರುಗಿಬಿದ್ದು ಅಲ್ಲಿ ನೀರು ತುಂಬಿತ್ತು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್, ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಶುರು ಮಾಡಿದರು. ವಾರದೊಳಗೆ ಜ್ವರ ಹೋಯಿತು. ನೀರು ತಾನಾಗಿ ಇಂಗಿತು. ಆದರೆ ಅಷ್ಟರಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಿತ್ತು. ಕಿಡ್ನಿಗೆ ಇವತ್ತಿಗೂ ಮಾತ್ರೆ ನಡೀತಿದೆ.

ಲೂಪಸ್ ಗುರುತಿಸಲು 2019ರಲ್ಲಿ ಯುರೋಪ್, ಅಮೆರಿಕದ ಸಂಧಿವಾತ ತಜ್ಞರು ಒಂದು ಅಂಕಪಟ್ಟಿ ಮಾಡಿದ್ದಾರೆ. ಅದು ಸಂಶೋಧನೆಗೆ ಮಾಡಿದ್ದು, ಆದರೂ ಓದಿದಾಗ ನನಗೆ ಅಳು ಬಂತು. ಎಎನ್‌ಎ ಪಾಸಿಟಿವ್ ಇದ್ದು 10 ಅಂಕ ಬಂದರೆ ಲೂಪಸ್. ಎದೆನೀರಿಗೆ 5, ಬೆಳಿಗ್ಗೆ ಬಿಗಿಯುವ ಕೀಲುನೋವಿಗೆ 6. ನಾನು ಬಾಯಿಬಿಟ್ಟು ಹೇಳದೆ ಇಟ್ಟುಕೊಂಡದ್ದು ಆ 6.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಉಸಿರು ಕಟ್ಟುತ್ತಿದ್ದರೆ ನೀರು ತೆಗೆಯುತ್ತಾರೆ, ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ. ನೀರು ಯಾಕೆ ಬಂತು ಅಂತ ಕೇಳಿ. ಎಡಿಎ ಒಂದನ್ನೇ ನಂಬಬೇಡಿ, ರುಮಟಾಯ್ಡ್ ಸಂಧಿವಾತದಲ್ಲೂ ಅದು ಏರುತ್ತದೆ. ಹಾಗಂತ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ನಮ್ಮ ಕಡೆ ಇಂಥ ನೀರಿಗೆ ಟಿಬಿಯೇ ದೊಡ್ಡ ಕಾರಣ. ಟಿಬಿ ಇದ್ದು ಬರೀ ಸ್ಟೀರಾಯ್ಡ್ ಕೊಟ್ಟರೆ ಅಪಾಯ.

ತಂಗಿಯನ್ನು ಇವತ್ತೇ ಕೂರಿಸಿಕೊಂಡು ಕೇಳಿ: ಬೆಳಿಗ್ಗೆ ಬೆರಳು ಬಿಗಿಯುತ್ತಾ, ಬಾಯಿಹುಣ್ಣು ಬರುತ್ತಾ, ಬಿಸಿಲಿಗೆ ಹೋದರೆ ಮುಖ ಕೆಂಪಾಗುತ್ತಾ, ಕೂದಲು ಉದುರುತ್ತಿದೆಯಾ? ಒಂದಕ್ಕೆ ಹೌದು ಅಂದರೂ ಹಳೆಯ ಫೈಲುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿಕೊಂಡು ಎದೆ ಡಾಕ್ಟರ ಹತ್ತಿರ ಹೋಗಿ. ಎಎನ್‌ಎ ಜೊತೆಗೆ ಮೂತ್ರ ಪರೀಕ್ಷೆಯನ್ನೂ ಕೇಳಿ.