ಕಾರವಾರದಲ್ಲಿ ಓದುವ ವಿದ್ಯಾರ್ಥಿಯ ದಿನಚರಿಯಲ್ಲಿ ಏನಿರಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನೀವು ಶಿರಸಿ ಕಡೆಯ ಅಡಿಕೆ ತೋಟದ ಮನೆಯವರು, ಈ ವರ್ಷ ಕಾರವಾರದಲ್ಲಿ ಸ್ನಾತಕೋತ್ತರ ಓದಿಗೆ ಸೇರಿದ್ದೀರಿ, ದಿನಚರಿ ಬರೆಯಲು ಆರಂಭಿಸಿದ್ದೀರಿ. ವಿಶ್ವವಿದ್ಯಾಲಯ, ಮನೆ, ಪ್ರಯಾಣ, ಕಲೆ ಎಂದು ಪುಸ್ತಕವನ್ನು ನಾಲ್ಕು ಭಾಗ ಮಾಡಿಕೊಂಡರೂ ಎಲ್ಲ ಪುಟಗಳೂ 'ಇಂದು ಬೇಸರವಾಯಿತು', 'ಇಂದು ಖುಷಿಯಾಯಿತು' ಎಂಬಲ್ಲಿಗೇ ಬಂದು ನಿಲ್ಲುತ್ತಿವೆ. ಹಾಗಾದರೆ ಏನನ್ನು ಬರೆಯಬೇಕು, ಬರೆದದ್ದು ಮನೆಯವರ ಕೈಗೆ ಸಿಕ್ಕರೆ ಏನು ಗತಿ ಎಂದು ಕೇಳಿದ್ದೀರಿ.

ನಾನೂ ಘಟ್ಟದ ಮೇಲಿನ ಅಂಥದ್ದೇ ಮನೆಯಿಂದ ಇಳಿದು ಬಂದು, ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಓದಿದವಳು. ಆಗ ಹಿಡಿದ ದಿನಚರಿಯ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ನಾಲ್ಕು ಭಾಗಗಳನ್ನು ಕೈಬಿಡಿ, ಮತ್ತು ಏನನಿಸಿತು ಎಂದು ಬರೆಯುವ ಮೊದಲು, ಅಂದು ಕಣ್ಣೆದುರು ನಡೆದ ಯಾವುದಾದರೂ ಒಂದು ಕೆಲಸವನ್ನು ಹೇಗೆ ಮಾಡಿದರು ಎಂಬುದನ್ನು ಬರೆಯಿರಿ ಎಂಬುದು ನನ್ನ ಸಲಹೆ. ಬೇಸರವನ್ನು ಬರೆಯಲೇಬಾರದು ಎಂದಲ್ಲ. ಆದರೆ 'ಬೇಸರವಾಯಿತು' ಎಂಬ ಒಂದೇ ಸಾಲನ್ನು ಕೆಲವು ವರ್ಷ ಬಿಟ್ಟು ಓದಿದರೆ, ಯಾತಕ್ಕೆ ಬೇಸರವಾಗಿತ್ತು ಎಂಬುದು ಬರೆದವರಿಗೇ ತಿಳಿಯುವುದಿಲ್ಲ. ಅದರ ಪಕ್ಕದಲ್ಲಿ ಅಂದು ದಂಡೆಯಲ್ಲಿ ಬಲೆ ಎಳೆದ ರೀತಿಯ ವಿವರವಿದ್ದರೆ ಆ ಸಂಜೆಯ ಮನಸ್ಸೂ ಅದರ ಜೊತೆಗೆ ನೆನಪಾಗುತ್ತದೆ.

ಓದಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಕೋಡಿಬಾಗ ಇರುವುದು ಕಾಳಿ ನದಿ ಸಮುದ್ರ ಸೇರುವ ಅಳಿವೆಯ ಮಗ್ಗುಲಲ್ಲಿ. ತರಗತಿಯ ವೇಳಾಪಟ್ಟಿ ಬದಲಾಗುವುದಿಲ್ಲ. ಅಳಿವೆಯಲ್ಲಿ ನೀರು ಏರಿಳಿಯುವ ವೇಳೆ ಮಾತ್ರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಏಕೆಂದರೆ ಚಂದ್ರ ಒಮ್ಮೆ ನೆತ್ತಿಗೆ ಬಂದು ಮತ್ತೆ ನೆತ್ತಿಗೆ ಬರಲು 24 ಗಂಟೆ 50 ನಿಮಿಷ ಹಿಡಿಯುತ್ತದೆ. ಇಂದು ಬೆಳಿಗ್ಗೆ ಏಳಕ್ಕೆ ಪೂರ್ತಿ ಇಳಿದ ನೀರು ನಾಳೆ ಇಳಿಯುವುದು ಎಂಟರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಆದ್ದರಿಂದ ನಿಮ್ಮ ದಿನಚರಿಯಲ್ಲಿ ತಾರೀಖಿನ ಪಕ್ಕ ತಿಥಿಯನ್ನೂ ಬರೆಯಿರಿ. ಮನೆಯ ಜಗಲಿಯಲ್ಲಿ ಮೊಳೆಗೆ ತೂಗುಹಾಕಿದ ಪಂಚಾಂಗದಲ್ಲಿ ಅಪ್ಪಯ್ಯ ಏಕಾದಶಿ ನೋಡುವ ಸಾಲನ್ನೇ ನಾನು ಬಂಡೆಗಳ ನಡುವೆ ಸಿಂಪಿ, ಏಡಿ ಹುಡುಕಲು ಯಾವ ದಿನ ಹೋಗಬೇಕೆಂದು ತಿಳಿಯಲು ನೋಡುತ್ತಿದ್ದೆ. ಹೀಗಿರುವಾಗ ಮನೆಗೊಂದು ಭಾಗ, ವಿಶ್ವವಿದ್ಯಾಲಯಕ್ಕೊಂದು ಭಾಗ ಎಂದು ಪುಸ್ತಕವನ್ನು ಎಲ್ಲಿ ಹರಿಯುತ್ತೀರಿ?

ಬೈತಖೋಲ ಬಂದರಿಗೂ ಆಗಾಗ ಹೋಗಿ ಬನ್ನಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಆಗಸ್ಟ್ ಬಂದೊಡನೆ ಬಂದರಿನ ಸದ್ದೇ ಬೇರೆ. ದಂಡೆಯಲ್ಲಿ ನಿಂತು ಎಳೆಯುವ ರಂಪಣಿ ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಹರಡುತ್ತ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದು, ಎರಡು ಗುಂಪುಗಳು ಎರಡು ಕಡೆಯಿಂದ ಎಳೆಯುತ್ತಾ ಹತ್ತಿರವಾಗುತ್ತವೆ. 1970ರ ದಶಕದ ಕೊನೆಯಲ್ಲಿ ಮೀನಿನ ಗುಂಪನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿಗಳು ಕಡಿಮೆಯಾದವು. ಇಷ್ಟು ಮಾಹಿತಿ ಪುಸ್ತಕಗಳಲ್ಲೂ ಸಿಗುತ್ತದೆ. ಮೊದಲು ಹಗ್ಗ ಹಿಡಿಯುವವರು ಯಾರು, ಬಲೆ ದಡಕ್ಕೆ ಬಂದಾಗ ಮಕ್ಕಳಿಗೆ ಎಷ್ಟು ಬಂಗಡೆ ಹೋಗುತ್ತದೆ, ಪಾಲು ಮಾಡುವಾಗ ಯಾರ ಮಾತು ನಡೆಯುತ್ತದೆ ಎಂಬುದು ಅಲ್ಲಿ ನಿಂತು ನೋಡಿದವರಿಗೇ ಗೊತ್ತು. 'ಇದನ್ನೆಲ್ಲ ಬರ್ಕೊಂಡು ಏನು ಮಾಡ್ತೀರಿ ಬಾಯಿ?' ಎಂದು ಮೀನು ಮಾರುವವರು ಕೇಳಿಯೇ ಕೇಳುತ್ತಾರೆ. ನಗುತ್ತಾ ಮೀನು ಕೊಂಡು, ಕೇಳಬೇಕಾದದ್ದನ್ನು ಕೇಳಿ. ಕೊಳ್ಳದೆ ಬರೀ ಪ್ರಶ್ನೆ ಕೇಳುವವರನ್ನು ಯಾರೂ ಇಷ್ಟಪಡುವುದಿಲ್ಲ. ನಿಮ್ಮದು ಮೀನು ತಿನ್ನದ ಮನೆಯಾದರೆ ಕೊಂಡ ಮೀನನ್ನು ಸಹಪಾಠಿಗಳಿಗೆ ಕೊಡಿ, ಅವರು ನಿಮ್ಮನ್ನು ಹೊಗಳುತ್ತಾರೆ.

ಇನ್ನು ಮನೆ. ರಜೆಗೆ ಹೋದಾಗ ಬರೆಯಲು ಏನೂ ಇಲ್ಲ ಎಂದಿದ್ದೀರಿ. ಮಳೆಗಾಲದ ಆರಂಭದಲ್ಲಿ ಅಡಿಕೆ ತೋಟಕ್ಕೆ ಔಷಧ ಹೊಡೆಯುವ ದಿನ ಮನೆಯಲ್ಲಿದ್ದರೆ, ಅಂಗಳಕ್ಕೆ ಹೋಗಿ ನಿಲ್ಲಿ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ತಿರುಗಿಸಬೇಕು. ತಿಳಿನೀಲಿಯ ಮೊಸರಿನಂಥ ದ್ರಾವಣ ಬರುತ್ತದೆ. ಆಗ ಅಪ್ಪಯ್ಯ ಸೊಂಟದ ಕತ್ತಿಯನ್ನು ತೆಗೆದು, ಅಲಗನ್ನು ಅದರಲ್ಲಿ ಅದ್ದಿ ಹಿಡಿದು, ಮೇಲೆತ್ತಿ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಬಣ್ಣ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಹಾಗೆಯೇ ಹೊಡೆದರೆ ಎಳೆಯ ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಬೇಕು. ನಾನು ಪ್ರಯೋಗಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವನ್ನು ಅವರು ಕತ್ತಿಯ ಅಲಗಿನಲ್ಲಿ ಮಾಡುತ್ತಿದ್ದರು. ತಂದೆಯ ಮೇಲೆ ನಿಮಗಿರುವ ಪ್ರೀತಿಯ ಬಗ್ಗೆ ಪುಟಗಟ್ಟಲೆ ಬರೆದರೂ, ಆ ಅಲಗನ್ನು ತಿರುಗಿಸಿ ನೋಡುವ ರೀತಿಯಷ್ಟು ಅವರು ಅದರಲ್ಲಿ ಕಾಣಿಸುವುದು ಕಷ್ಟ.

ಪ್ರಯಾಣ ಎಂದರೆ ನಿಮಗೆ ಹಂಪಿಯೋ ಊಟಿಯೋ ನೆನಪಾಗುತ್ತಿರಬಹುದು. ನನ್ನ ಪುಸ್ತಕದಲ್ಲಿ ಪ್ರಯಾಣವೆಂದರೆ ಹೆಚ್ಚಾಗಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ, ಕಾರವಾರ. ಆ ದಾರಿ ಬಂದಾದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿಯುವುದು. ಕೊಂಕಣ ರೈಲು ಕರಾವಳಿಯುದ್ದಕ್ಕೂ ಓಡಲು ಆರಂಭಿಸಿದ್ದು 1998ರಲ್ಲಿ, ಆದರೆ ಶಿರಸಿಯವರಿಗೆ ಇಂದಿಗೂ ಬಸ್ಸೇ ಗತಿ. ಬೇಸರದ ದಾರಿ ಎಂದು ಕಣ್ಣು ಮುಚ್ಚಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಪಕ್ಕದ ಗಂಗಾವಳಿಯಲ್ಲಿ ಮುಳುಗಿದ ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಈ ನಡುವೆ ಆಗಸ್ಟ್ 7ರ ನಸುಕಿನಲ್ಲಿ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇವೆಲ್ಲ ಪತ್ರಿಕೆಯಲ್ಲಿ ಬಂದಿವೆ, ಮುಂದೆಯೂ ಸಿಗುತ್ತವೆ. ಆದರೆ ಆ ವಾರಗಳಲ್ಲಿ ಊರಿಗೆ ಹೋಗಬೇಕಾದವರು ಯಾವ ದಾರಿ ಹಿಡಿದರು, ಬಸ್ಸಿನಲ್ಲಿ ಕೂತವರು ಗುಡ್ಡದ ಬುಡ ಬಂದಾಗ ಮಾತು ನಿಲ್ಲಿಸಿದರೇ, ಮನೆಯಿಂದ ಬಂದ ಫೋನಿನಲ್ಲಿ 'ಊಟ ಆತಾ?' ಎನ್ನುವುದಕ್ಕೆ ಮೊದಲೇ 'ಎಲ್ಲಿ ಬಂದೆ?' ಎಂದು ಕೇಳಿದರೇ ಎಂಬುದು ಪತ್ರಿಕೆಯಲ್ಲಿರುವುದಿಲ್ಲ.

ಪ್ರಯಾಣದ ಬರಹಕ್ಕೆ ಕಾರವಾರದಲ್ಲೇ ಒಂದು ಮಾದರಿಯಿದೆ. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನ ರವೀಂದ್ರನಾಥ ಟಾಗೋರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಕಡಲ ದಂಡೆಗೆ ಈಗ ಅವರದೇ ಹೆಸರು. 1912ರಲ್ಲಿ ಪುಸ್ತಕವಾಗಿ ಬಂದ ಆತ್ಮಕಥನದಲ್ಲಿ ಅವರು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋದದ್ದನ್ನು ನೆನೆಯುತ್ತಾರೆ. ಶಿವಾಜಿಯ ಕಾಲದ ಗುಡ್ಡದ ಕೋಟೆ, ಒಬ್ಬ ರೈತನ ಮನೆಯ ಚೊಕ್ಕವಾಗಿ ಗುಡಿಸಿದ ಅಂಗಳ, ಬೆಳದಿಂಗಳು ಬಿದ್ದ ಜಾಗ ನೋಡಿ ಅಲ್ಲಿ ಕುಳಿತು ತಂದಿದ್ದ ಬುತ್ತಿ ಬಿಚ್ಚಿದ್ದು, ತಿರುಗಿ ಬರುವಾಗ ಅಳಿವೆ ತಲುಪಲು ತಡವಾಗಿ, ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದ್ದು. ಸುಮಾರು ಮೂರು ದಶಕ ಕಳೆದರೂ ಅಂಗಳ ಗುಡಿಸಿದ್ದು ಅವರ ನೆನಪಿನಲ್ಲಿತ್ತು. ನಮಗೆ ಅಂಥ ನೆನಪಿನ ಶಕ್ತಿ ಇರುವುದಿಲ್ಲ, ಆದ್ದರಿಂದ ಅಂದೇ ಬರೆದಿಡಬೇಕು. ಬುತ್ತಿಯಲ್ಲಿ ಏನಿತ್ತು ಎಂದು ಅವರು ಹೇಳಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು.

ಕಲೆಯ ಪುಟಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿದೆ, ಏಕೆಂದರೆ ಹೊಗಳಿಕೆಯ ಮಾತು ಅಲ್ಲಿಯೇ ಬೇಗ ತುಂಬಿಕೊಳ್ಳುತ್ತದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರಗಳನ್ನು ಚಿಕ್ಕಂದಿನಿಂದ ನೋಡಿದ್ದೀರಿ. 'ಅದ್ಭುತವಾಗಿವೆ' ಎಂದು ಬರೆದು ಮುಗಿಸಬೇಡಿ. ಗೋಡೆಗೆ ನುಣುಪಾಗಿ ಸುಣ್ಣದ ಗಾರೆ ಮೆತ್ತಿ, ಅದು ಒಣಗುವ ಮೊದಲೇ ಮೇಲೆ ಕೆಂಪು ಕಾವಿಯ ಪದರ ಕೊಟ್ಟು, ಚೂಪಾದ ಕಡ್ಡಿಯಿಂದ ಕೆಂಪನ್ನು ಕೆರೆದು ಕೆಳಗಿನ ಬಿಳಿಯನ್ನು ಕಾಣಿಸುತ್ತಾರೆ. ಅಂದರೆ ಅಲ್ಲಿ ಬಣ್ಣ ಹಚ್ಚುವುದಕ್ಕಿಂತ ಬಣ್ಣ ತೆಗೆಯುವುದೇ ಕೆಲಸ, ಇರುವುದು ಎರಡೇ ಬಣ್ಣ, ಗಾರೆ ಹಸಿಯಾಗಿರುವಷ್ಟು ಹೊತ್ತೇ ಸಮಯ. ಇದನ್ನು ತಿಳಿದುಕೊಂಡು ಗೋಡೆಯ ಹತ್ತಿರ ನಿಂತರೆ ಗೆರೆಯ ಅಂಚಿನಲ್ಲಿ ಕಡ್ಡಿ ಹಾದ ತಗ್ಗು ಬೆಳಕಿಗೆ ಕಾಣುತ್ತದೆ. ಒಂದು ಚಿತ್ರವನ್ನು, ಪೂರ್ತಿಯಾಗಿ ಬೇಡ, ಒಂದು ಬಳ್ಳಿಯ ಅಂಚನ್ನು ಮಾತ್ರ ಪುಸ್ತಕದಲ್ಲಿ ಬಿಡಿಸಿ ನೋಡಿ. ಕೈಗೆ ತಿಳಿಯುವುದು ಕಣ್ಣಿಗೆ ತಿಳಿದಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಿ ದೇವಿ ದೇವಸ್ಥಾನ ಬಿಟ್ಟು ಬಿಡಕಿಬೈಲಿನ ಗದ್ದುಗೆಯಲ್ಲಿರುವಾಗ ಊರೆಲ್ಲ ಅಲ್ಲಿಯೇ ಇರುತ್ತದೆ, ಗೋಡೆ ನೋಡಲು ಅದು ಒಳ್ಳೆಯ ಸಮಯ.

ಯಕ್ಷಗಾನದಲ್ಲಿ ಭಾಗವತರ ಪದ್ಯ ಪ್ರಸಂಗದ ಪುಸ್ತಕದಲ್ಲಿದೆ, ಹೆಜ್ಜೆಗಳನ್ನು ಗುರುಗಳು ಕಲಿಸುತ್ತಾರೆ. ಆದರೆ ಪದ್ಯ ಮುಗಿದ ಮೇಲೆ ವೇಷಧಾರಿ ಆಡುವ ಅರ್ಥ ಎಲ್ಲಿಯೂ ಬರೆದಿಟ್ಟದ್ದಲ್ಲ. ಅದು ಆ ರಾತ್ರಿ, ಎದುರು ವೇಷದ ಮಾತಿಗೆ ತಕ್ಕಂತೆ, ಅಲ್ಲಿಯೇ ಹುಟ್ಟುತ್ತದೆ. ಹಾಗಾಗಿ ಯಾವ ಪದ್ಯಕ್ಕೆ ಯಾವ ಪಾತ್ರ ಯಾವ ವಾದ ಹೂಡಿತು, ಎದುರಿನವರು ಅದನ್ನು ಹೇಗೆ ತಿರುಗಿಸಿದರು ಎಂದು ಎರಡು ವಾಕ್ಯ ಬರೆದಿಟ್ಟರೂ ಸಾಕು. ಈಗ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಾರೆ ನಿಜ, ಆದರೆ ಗಂಟೆಗಟ್ಟಲೆಯ ಆ ಮುದ್ರಣವನ್ನು ಆಮೇಲೆ ಕೂತು ನೋಡಿದವರನ್ನು ನಾನಂತೂ ಕಂಡಿಲ್ಲ. ಸಾಧ್ಯವಾದರೆ ಆಟಕ್ಕೆ ಮೊದಲು ವೇಷ ಕಟ್ಟುವ ಚೌಕಿಗೆ ಹೋಗಿ, ಅನುಮತಿ ಕೇಳಿ, ಮೂಲೆಯಲ್ಲಿ ಕುಳಿತು ನೋಡಿ. ನಮ್ಮ ಕಡೆಯ ಬಡಗುತಿಟ್ಟಿನ ಮುಂಡಾಸನ್ನು ಸಿದ್ಧ ಕಿರೀಟದ ಹಾಗೆ ತಲೆಗೆ ಇಡುವುದಿಲ್ಲ. ಹುಲ್ಲಿನ ಅಟ್ಟೆಯ ಮೇಲೆ ಬಟ್ಟೆ ಸುತ್ತಿ, ಜರಿಯ ಪಟ್ಟಿ ಎಳೆದು, ಕಲಾವಿದರ ತಲೆಯ ಮೇಲೆಯೇ ಕಟ್ಟುತ್ತಾರೆ. ಬಿಗಿ ತಪ್ಪಿದರೆ ಕುಣಿತದಲ್ಲಿ ಸಡಿಲವಾಗುತ್ತದೆ, ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ಹೊನ್ನಾವರ ತಾಲೂಕಿನ ಗುಣವಂತೆ ನಿಮಗೆ ದೂರವಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದವರ ನೆಲೆ ಅದು, ಅಲ್ಲಿಗೊಮ್ಮೆ ಹೋಗಿ ಬನ್ನಿ.

ಮನೆಯವರು ಓದಿದರೆ ಎಂಬ ಪ್ರಶ್ನೆಗೆ: ಓದುತ್ತಾರೆ ಎಂದೇ ಇಟ್ಟುಕೊಂಡು ಬರೆಯಿರಿ. ಹಿಸ್ಸೆಯ ಜಗಳ, ಮದುವೆಯ ಮಾತುಕತೆ, ಸಾಲ ಇವು ಪ್ರತಿ ಮನೆಯಲ್ಲೂ ಇರುತ್ತವೆ. ಇವುಗಳ ಬಗ್ಗೆ ತೀರ್ಪು ಬರೆಯುವ ಬದಲು ಯಾರು ಏನು ಹೇಳಿದರು, ಎಲ್ಲಿ ಕುಳಿತು ಹೇಳಿದರು ಎಂದಷ್ಟೇ ಬರೆದರೆ, ಯಾರಾದರೂ ಓದಿದಾಗ ನಿಮ್ಮನ್ನು ಪ್ರಶ್ನಿಸಬಹುದೇ ಹೊರತು ಆಡದ ಮಾತು ಬರೆದಿದ್ದೀರಿ ಎಂದು ದೂರಲಾಗುವುದಿಲ್ಲ. ಹೆಸರಿನ ಬದಲು ಒಂದು ಅಕ್ಷರ ಸಾಕು. ನಿಮ್ಮ ಸ್ವಂತ ಗುಟ್ಟುಗಳನ್ನು ಬೇರೆ ಹಾಳೆಯಲ್ಲಿ ಬರೆದು ಹಾಸ್ಟೆಲ್ಲಿನಲ್ಲೇ ಬಿಡಿ. ನಾನು ಒಂದೇ ಪುಸ್ತಕ ಎಂದದ್ದಕ್ಕೆ ಇದೊಂದು ವಿನಾಯಿತಿ. ನನ್ನ ಪುಸ್ತಕವನ್ನು ಆಯಿ ಓದಿದ್ದಾಳೆ. ಅಪ್ಪೆಹುಳಿ ಮಾಡುವ ಕ್ರಮವನ್ನು ನಾನು ಬರೆದಲ್ಲಿ, 'ಇಂಗು ಒಗ್ಗರಣೆಗೆ, ಕುದಿಯುವಾಗ ಅಲ್ಲ' ಎಂದು ಪೆನ್ನಿನಿಂದ ಅಂಚಿನಲ್ಲಿ ತಿದ್ದಿಟ್ಟಿದ್ದಳು. ಉಳಿದದ್ದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಕೊನೆಯದಾಗಿ ಕಾಗದದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಗಾಳಿಯಲ್ಲೇ ನೀರಿರುತ್ತದೆ. ಜೆಲ್ ಪೆನ್ನಿನ ಬರಹ ಹರಡುತ್ತದೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಪ್ರಯೋಗಶಾಲೆಯಲ್ಲಿ ಸ್ಪಿರಿಟ್ ತುಂಬಿದ ಬಾಟಲಿಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕೆಂದು ನಿಮಗೆ ಮೊದಲ ವಾರವೇ ಹೇಳಿರುತ್ತಾರೆ, ಶಾಯಿ ಕರಗಿಹೋಗುತ್ತದೆ ಎಂಬ ಕಾರಣಕ್ಕೆ. ದಿನಚರಿಗೂ ಅದೇ ಪೆನ್ಸಿಲ್ಲನ್ನು ಬಳಸಿ, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ, ಬಿಸಿಲು ಬಂದ ದಿನ ಒಮ್ಮೆ ತೆರೆದು ಹರವಿ.