ಮಾತ್ರೆ ಕೈಕೊಟ್ಟಿದ್ದಲ್ಲ, ಹೊಟ್ಟೆ ಭಾರವಾಗಿತ್ತು

ಪ್ರಶ್ನೆ: ನನಗೆ 49 ವರ್ಷ, ಒಂಬತ್ತು ವರ್ಷದಿಂದ ಶುಗರ್ ಇದೆ. ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲವೆಂದು ಗೆಳೆಯ ಕೊಟ್ಟ ಸಿಲ್ಡೆನಾಫಿಲ್ 50 ಮಿ.ಗ್ರಾಂ. ಮಾತ್ರೆಯನ್ನು ಎರಡು ಸಲ, ರಾತ್ರಿ ಬಾಡೂಟ ಮುಗಿಸಿ ನುಂಗಿದೆ. ತಲೆನೋವು ಬಂತೇ ಹೊರತು ಪ್ರಯೋಜನವಾಗಲಿಲ್ಲ. 100ರದ್ದು ತೆಗೆದುಕೊಳ್ಳಲೇ? ಹೆಂಡತಿಗೆ ವಿಷಯ ಗೊತ್ತಿಲ್ಲ.

ಉತ್ತರ: ಬೇಡ. ಎಣ್ಣೆ, ಕೊಬ್ಬು ಹೆಚ್ಚಿರುವ ಊಟದ ಮೇಲೆ ಸಿಲ್ಡೆನಾಫಿಲ್ ನುಂಗಿದರೆ ಅದು ರಕ್ತಕ್ಕೆ ಸೇರುವುದು ಸುಮಾರು ಒಂದು ಗಂಟೆ ತಡವಾಗುತ್ತದೆ, ಪೂರ್ತಿ ಜೋರೂ ಸಿಗುವುದಿಲ್ಲ. ನೀವು ಕಾದು ಬೇಸತ್ತು ಮಗ್ಗುಲು ಬದಲಿಸಿದ ಮೇಲೆ ಅದು ಕೆಲಸ ಶುರು ಮಾಡಿರಬಹುದು. ಹೊಟ್ಟೆ ಹಗುರವಿದ್ದಾಗ, ಒಂದು ಗಂಟೆ ಮೊದಲು ತೆಗೆದುಕೊಳ್ಳುವ ಮಾತ್ರೆ ಅದು. ನಾಲ್ಕು ಗಂಟೆಯವರೆಗೆ ಪರಿಣಾಮವಿರುತ್ತದೆ. ಆಸೆಯನ್ನಂತೂ ಅದು ಹುಟ್ಟಿಸುವುದಿಲ್ಲ. ಮುದ್ದು, ಸ್ಪರ್ಶ ಇಲ್ಲದೆ ಗಡಿಯಾರ ನೋಡುತ್ತಾ ಮಲಗಿದರೆ ಏನೂ ಆಗದು. ಸರಿಯಾಗಿ ಐದಾರು ಸಲ ಬಳಸಿ ನೋಡದೆ ಔಷಧಿ ಸೋತಿತೆಂದು ವೈದ್ಯರೂ ಹೇಳುವುದಿಲ್ಲ.

ರಕ್ತನಾಳ ಹಿಗ್ಗುವುದರಿಂದಲೇ ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು. ಡೋಸ್ ಏರಿಸಿದರೆ ಅವೂ ಏರುತ್ತವೆ. ಊಟದ ತಾಪತ್ರಯ ಬೇಡವೆನ್ನುವವರಿಗೆ ಟಡಲಾಫಿಲ್ ಇದೆ. ಅದರ ಪರಿಣಾಮ 36 ಗಂಟೆಯವರೆಗೂ ಉಳಿಯಬಲ್ಲದು. ದಿನಕ್ಕೊಂದು 5 ಮಿ.ಗ್ರಾಂ.ನಂತೆ ಕೊಡುವುದೂ ಉಂಟು. ಕೆಲವರಿಗೆ ಬೆನ್ನುನೋವು ತರುತ್ತದೆ. ಆಯ್ಕೆ ಗೆಳೆಯನದ್ದಲ್ಲ, ವೈದ್ಯರದ್ದು.

ವೈದ್ಯರ ಬಳಿ ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು, ಹಾಗಾಗಿ ಕೊಬ್ಬು ಕಟ್ಟಿಕೊಳ್ಳುತ್ತಿದ್ದರೆ ಮೊದಲು ತಿಳಿಯುವುದು ಅಲ್ಲೇ. ಶುಗರ್ ಇರುವ ನಿಮ್ಮಂಥವರು ಇದನ್ನು ಹಗುರವಾಗಿ ಕಾಣಬಾರದು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಬಿಪಿ, ಕೊಲೆಸ್ಟ್ರಾಲ್, ಬೆಳಗಿನ ಹೊತ್ತಿನ ಟೆಸ್ಟೊಸ್ಟೆರಾನ್ ಮಾಡಿಸಿ, ಇಸಿಜಿ ಬೇಕೇ ಎಂದು ಕೇಳಿ. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯೆಲ್ಲ ಜೊತೆಗಿರಲಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್‌ನಂಥವು ಸೇರಿದರೆ ಎದ್ದು ನಿಂತಾಗ ಬಿಪಿ ಇಳಿದು ತಲೆಸುತ್ತು ಬರಬಹುದು. ನಿಮಿರುವಿಕೆ ನಾಲ್ಕು ಗಂಟೆ ದಾಟಿದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ಕ್ಯಾಶುವಾಲಿಟಿಗೆ ಹೋಗಿ.

ಹೆಂಡತಿಗೆ ಹೇಳಲೇಬೇಕು. ಎದೆನೋವು ಬಂದರೆ ಮನೆಯವರು ನಾಲಿಗೆಯಡಿ ಸಾರ್ಬಿಟ್ರೇಟ್ ಇಡುವುದು ರೂಢಿ. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಲಾಫಿಲ್ ಆದರೆ 48 ಗಂಟೆಯೊಳಗೆ, ಅದನ್ನು ಕೊಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ಆ ಹೊತ್ತಿಗೆ ನಿಮಗೆ ಬಾಯಿ ಬರದಿದ್ದರೆ, ಏನು ನುಂಗಿದ್ದೀರಿ, ಯಾವಾಗ ನುಂಗಿದ್ದೀರಿ ಎಂದು ಡಾಕ್ಟರಿಗೆ ಹೇಳಬೇಕಾದವರು ಅವರೇ.