ತೂಕ ಅಷ್ಟೇ ಇದೆ, ಹೊಟ್ಟೆ ಮಾತ್ರ ಬಂದಿದೆ

ಪ್ರಶ್ನೆ: ನನಗೆ 54 ವರ್ಷ. ಇಳಕಲ್‌ನಲ್ಲಿ ಸೀರೆ ಅಂಗಡಿ. ಮುಟ್ಟು ನಿಂತು ಎರಡು ವರ್ಷ ಆಯ್ತು. ಹತ್ತು ವರ್ಷದಿಂದ ತೂಕ 66 ಕಿಲೋ, ಊಟವೂ ಅಷ್ಟೇ. ಆದರೂ ಹೊಟ್ಟೆ ಬಂದಿದೆ, ಸಕ್ಕರೆ ಗಡಿಯಲ್ಲಿದೆಯಂತೆ. ಯಾಕೆ?

ಉತ್ತರ: ತಕ್ಕಡಿ ಇಲ್ಲಿ ಅರ್ಧ ವಿಷಯ ಮಾತ್ರ ಹೇಳುತ್ತೆ ಅಕ್ಕಾ. ವಯಸ್ಸಾದಂತೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದರೆ ತೂಕ ಬದಲಾಗುವುದೇ ಇಲ್ಲ. ಉಂಡ ರೊಟ್ಟಿಯ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುಗಳೇ. ಅವು ಸೊರಗಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದು, ತೊಡೆಗೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರುತ್ತೆ.

'ವಯಸ್ಸಾಯ್ತು, ದೇಹ ನಿಧಾನ ಆಯ್ತು' ಅಂತ ಸುಮ್ನೆ ಕೂರಬೇಡಿ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ದೇಹದ ಗಾತ್ರ ಲೆಕ್ಕಕ್ಕೆ ಹಿಡಿದರೆ ಶಕ್ತಿ ಖರ್ಚು 20ರಿಂದ 60ರವರೆಗೆ ಹೆಚ್ಚುಕಡಿಮೆ ಒಂದೇ. ಇಳಿಯುವುದು ಆಮೇಲೆ.

ನಮ್ಮವ್ವ ಮುದ್ದೇಬಿಹಾಳದಲ್ಲಿ ದಿನಾ ಬಾವಿಯಿಂದ ಕೊಡ ಹೊರುತ್ತಿದ್ದಳು. ಮನೆಗೆ ನಳ ಬಂತು, ಆ ಕಷ್ಟ ತಪ್ಪಿತು, ನನಗೆ ಖುಷಿಯೇ. ಆದರೆ ತೋಳು ಸೊರಗಿದ್ದನ್ನು ಕಣ್ಣಾರೆ ಕಂಡೆ. ನಿಮಗೂ ಭಾರ ಬೇಕು. ವಾರಕ್ಕೆ ಎರಡು ಮೂರು ದಿನ ನೀರು ತುಂಬಿದ ಬಾಟಲಿ ಎತ್ತಿ ಇಳಿಸಿ, ಕುರ್ಚಿಯಿಂದ ಕೈಯೂರದೆ ಎದ್ದು ಕೂತು ಮಾಡಿ. ಊಟ ಆದ ಮೇಲೆ ಹತ್ತು ನಿಮಿಷ ನಡೆಯಿರಿ. ಒಂದು ರೊಟ್ಟಿ ಕಡಿಮೆ, ಹೆಸರುಕಾಳು ಪಲ್ಯ ಜಾಸ್ತಿ.

ಅಂಗಡಿಯಲ್ಲಿ ಟೇಪು ಇದ್ದೇ ಇರುತ್ತೆ, ಅಲ್ವಾ? ಸೊಂಟ ಅಳೆಯಿರಿ. ನಮ್ಮ ಹೆಂಗಸರಿಗೆ ಮಿತಿ 80 ಸೆಂಟಿಮೀಟರ್. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ ನನಗೆ ಬರೆಯಿರಿ.